ಮ್ಯಾಂಚೆಸ್ಟರ್‌ನಲ್ಲಿ ಕಷ್ಟಪಟ್ಟ ಫೊರ್ಲಾನ್‌ಗೆ 2010ರಲ್ಲಿ ಗೋಲ್ಡನ್ ಬಾಲ್ ಸಿಕ್ಕಿದ್ದು ಹೇಗೆ?

ಮೈದಾನದಂಚು:
ನಾನು ಫುಟ್‌ಬಾಲ್ ನೋಡೋಕೆ ಶುರು ಮಾಡಿದ್ದೇ 2014ರಲ್ಲಿ. ಉರುಗ್ವೆ ಅಂದರೆ ನನಗೆ ಸುವಾರೆಸ್, ಕವಾನಿ, ಅಷ್ಟೇ. ಮೊನ್ನೆ 2010ರ ವಿಶ್ವಕಪ್ ಪಂದ್ಯಗಳ ವಿಡಿಯೊ ನೋಡ್ತಾ ಕೂತಾಗ ಆ ತಂಡವನ್ನು ಎಳೆದುಕೊಂಡು ಹೋದವನು ಡಿಯೆಗೊ ಫೊರ್ಲಾನ್, ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡೋ ಗೋಲ್ಡನ್ ಬಾಲ್ ಸಿಕ್ಕಿದ್ದೂ ಅವನಿಗೇ ಅಂತ ಗೊತ್ತಾಯ್ತು. ಆದರೆ ಮ್ಯಾಂಚೆಸ್ಟರ್ ಯುನೈಟೆಡ್ ಬಗ್ಗೆ ಮಾತಾಡುವವರು ಇವನನ್ನು 'ಮೊದಲ ಗೋಲಿಗೆ ಎಂಟು ತಿಂಗಳು ತಗೊಂಡವನು' ಅಂತಲೇ ನೆನಪಿಟ್ಟುಕೊಂಡಿದ್ದಾರೆ. ಆಗ ನೋಡಿದವರು ಯಾರಾದರೂ ವಿವರವಾಗಿ ಹೇಳ್ತೀರಾ?

ಹಳೇ ಜೆರ್ಸಿ:
ಹೇಳ್ತೀನಿ. ನನಗೆ ತುಂಬಾ ಹತ್ತಿರವಾದ ಆಟಗಾರ ಇವನು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಎಂಟು ತಿಂಗಳ ಮಾತು ನಿಜವೇ. 2002ರ ಜನವರಿಯಲ್ಲಿ ಅರ್ಜೆಂಟೀನಾದ ಇಂಡಿಪೆಂಡಿಯೆಂಟೆ ಕ್ಲಬ್‌ನಿಂದ ಬಂದ. ಮೊದಲ ಗೋಲು ಸೆಪ್ಟೆಂಬರ್‌ನಲ್ಲಿ, ಮಕಾಬಿ ಹೈಫಾ ವಿರುದ್ಧ, ಅದೂ ಪೆನಾಲ್ಟಿ. ಆದರೆ ಆಗ ಅಲ್ಲಿ ಮುಂದಿನ ಸಾಲಿನಲ್ಲಿ ಯಾರಿದ್ದರು ನೋಡಿ: ತಂಡದ ಮುಖ್ಯ ಸ್ಟ್ರೈಕರ್ ವಾನ್ ನಿಸ್ಟೆಲ್‌ರಾಯ್. ಫೊರ್ಲಾನ್‌ಗೆ ಸಿಗ್ತಿದ್ದದ್ದು ಹೆಚ್ಚಾಗಿ ಕೊನೆಯ ಹತ್ತು ಹದಿನೈದು ನಿಮಿಷ. ಬದಲಿ ಆಟಗಾರನಾಗಿ ಒಳಗೆ ಬಂದು ಬೆವರು ಬರುವಷ್ಟರಲ್ಲಿ ಸೀಟಿ. ಹಾಗಿದ್ದೂ ಅದೇ ಡಿಸೆಂಬರ್‌ನಲ್ಲಿ ಆನ್‌ಫೀಲ್ಡ್‌ಗೆ ಹೋಗಿ ಲಿವರ್‌ಪೂಲ್ ವಿರುದ್ಧ ಮೂರು ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದ. ಯುನೈಟೆಡ್ 2–1ರಿಂದ ಗೆದ್ದಿತು.

2004ರಲ್ಲಿ ಸ್ಪೇನ್‌ನ ಕ್ಲಬ್ ವಿಯಾರಿಯಾಲ್‌ಗೆ ಹೋದ. ಮೊದಲ ಸೀಸನ್‌ನಲ್ಲೇ ಅಲ್ಲಿನ ಲೀಗ್ ಲಾ ಲೀಗಾದಲ್ಲಿ 25 ಗೋಲು, ಥಿಯೆರಿ ಹೆನ್ರಿ ಜೊತೆ ಹಂಚಿಕೊಂಡ ಯುರೋಪಿಯನ್ ಗೋಲ್ಡನ್ ಶೂ, ಅಂದರೆ ಯುರೋಪಿನ ಲೀಗ್‌ಗಳ ಶ್ರೇಷ್ಠ ಗೋಲುಗಾರನ ಪ್ರಶಸ್ತಿ. ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲಿ 2008–09ರಲ್ಲಿ 32 ಗೋಲು, ಅದೇ ಪ್ರಶಸ್ತಿ ಎರಡನೇ ಸಲ. ಮ್ಯಾಂಚೆಸ್ಟರ್‌ನಲ್ಲಿ ಬೆಂಚಿನ ಮೇಲೆ ಕೂತಿದ್ದ ಅದೇ ಕಾಲುಗಳು! ಬದಲಾಗಿದ್ದು ಕಾಲಲ್ಲ, ಸಿಕ್ಕ ನಿಮಿಷಗಳು ಮತ್ತು ಅವನ ಓಟಕ್ಕೆ ಸರಿಯಾಗಿ ಚೆಂಡು ಕೊಡುವವರು. ವಿಯಾರಿಯಾಲ್‌ನಲ್ಲಿ ಹಿಂದಿನಿಂದ ಆಟ ಕಟ್ಟಿಕೊಡೋಕೆ ರಿಕೆಲ್ಮೆ ಇದ್ದ ಅನ್ನೋದನ್ನು ಮರೀಬೇಡಿ.

ಈಗ 2010ಕ್ಕೆ ಬರ್ತೀನಿ. ಮೊದಲ ಪಂದ್ಯ, ಫ್ರಾನ್ಸ್ ವಿರುದ್ಧ 0–0. ಆಮೇಲೆ ಕೋಚ್ ತಬಾರೆಸ್ ಒಂದು ಮುಖ್ಯ ಬದಲಾವಣೆ ಮಾಡಿದರು: ಸುವಾರೆಸ್, ಕವಾನಿ ಮುಂದೆ, ಫೊರ್ಲಾನ್ ಅವರ ಬೆನ್ನಿಗೆ. ನನ್ನ ಪ್ರಕಾರ ಇಡೀ ಟೂರ್ನಿಯ ಗುಟ್ಟು ಇಲ್ಲೇ ಇದೆ. ಸ್ಟ್ರೈಕರ್ ಆಗಿದ್ದವನು ಆಟ ಕಟ್ಟುವವನಾದ, ದೂರದಿಂದ ಹೊಡೆಯೋ ಜಾಗವೂ ಸಿಕ್ಕಿತು. ಆ ವಿಶ್ವಕಪ್‌ನ ಜಬುಲಾನಿ ಚೆಂಡು ಗಾಳಿಯಲ್ಲಿ ಎಲ್ಲೆಲ್ಲೋ ತಿರುಗುತ್ತೆ ಅಂತ ಗೋಲ್‌ಕೀಪರ್‌ಗಳೆಲ್ಲ ದೂರುತ್ತಿದ್ದ ಕಾಲ ಅದು. ಅದನ್ನು ಇವನಷ್ಟು ಚೆನ್ನಾಗಿ ಮಾತು ಕೇಳಿಸಿದವರು ಇನ್ನೊಬ್ಬರಿರಲಿಲ್ಲ. ಘಾನಾ ವಿರುದ್ಧ ಫ್ರೀ ಕಿಕ್. ನೆದರ್‌ಲೆಂಡ್ಸ್ ವಿರುದ್ಧ ಸೆಮಿಫೈನಲ್‌ನಲ್ಲಿ ದೂರದಿಂದ ಎಡಗಾಲಲ್ಲಿ. ಜರ್ಮನಿ ವಿರುದ್ಧ ಬಲಗಾಲ ವಾಲಿ. ಒಟ್ಟು ಐದು ಗೋಲು. ಎಡ ಬಲ ಅನ್ನೋ ಭೇದವೇ ಇಲ್ಲದ ಆಟಗಾರನನ್ನು ನಾನು ಅಷ್ಟು ಹತ್ತಿರದಿಂದ ಗಮನಿಸಿದ್ದು ಅದೇ ಮೊದಲು. ಆ ತಿಂಗಳು ನಾನು ಸರಿಯಾಗಿ ನಿದ್ದೆ ಮಾಡಿಲ್ಲ.

ಬಲಪಾರ್ಶ್ವ:
ಮೇಲಿನವರು ಚೆನ್ನಾಗಿ ಬರೆದಿದ್ದಾರೆ. ಎರಡು ಮಾತು ಸೇರಿಸ್ತೀನಿ. ಅದೇ 2010ರ ಮೇ ತಿಂಗಳಲ್ಲಿ ಹ್ಯಾಂಬರ್ಗ್‌ನಲ್ಲಿ ಯುರೋಪಾ ಲೀಗ್ ಫೈನಲ್, ಫುಲಮ್ ವಿರುದ್ಧ ಅಟ್ಲೆಟಿಕೊದ ಎರಡೂ ಗೋಲು ಇವನದೇ, ಎರಡನೆಯದು 116ನೇ ನಿಮಿಷದಲ್ಲಿ. ಮುಂದಿನ ವರ್ಷ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿ ಕೋಪಾ ಅಮೆರಿಕಾದಲ್ಲಿ ಫೈನಲ್‌ವರೆಗೂ ಒಂದೂ ಗೋಲಿಲ್ಲ, ಫೈನಲ್‌ನಲ್ಲಿ ಪರಾಗ್ವೆ ವಿರುದ್ಧ ಎರಡು. ತಾತ ಕೊರಾತ್ಸೊ ಕೋಚ್ ಆಗಿ, ಅಪ್ಪ ಪಾಬ್ಲೊ ಆಟಗಾರನಾಗಿ ಗೆದ್ದಿದ್ದ ಕಪ್ ಅದು.

ಮೈದಾನದಂಚು:
ಇಬ್ಬರಿಗೂ ಧನ್ಯವಾದ. ಚಿಕ್ಕಂದಿನಲ್ಲಿ ಟೆನಿಸ್ ಆಡ್ತಿದ್ದ ಅಂತಲೂ ಎಲ್ಲೋ ಓದಿದೆ, ನಿಜವಾ?

ಹಳೇ ಜೆರ್ಸಿ:
ನಿಜ, ಚೆನ್ನಾಗಿಯೇ ಆಡ್ತಿದ್ದ. 1991ರಲ್ಲಿ, ಅವನಿಗೆ 12 ವರ್ಷ ಇದ್ದಾಗ, ಅಕ್ಕ ಕಾರು ಅಪಘಾತದಲ್ಲಿ ಸಿಕ್ಕಿ ಗಾಲಿಕುರ್ಚಿ ಸೇರಿದಳು. ಅವಳ ಚಿಕಿತ್ಸೆಗೆ ದುಡ್ಡು ಹೊಂದಿಸಬೇಕು, ದೊಡ್ಡ ಫುಟ್‌ಬಾಲಿಗನಾಗಬೇಕು ಅಂತ ಆಗ ತೀರ್ಮಾನಿಸಿದ. ಮ್ಯಾಂಚೆಸ್ಟರ್‌ನ ಆ ಎಂಟು ತಿಂಗಳನ್ನು ಅವನು ತಾಳಿಕೊಂಡದ್ದಕ್ಕೆ ಕಾರಣ ಹುಡುಕಿದರೆ ನನಗೆ ಮೊದಲು ನೆನಪಾಗೋದು ಇದೇ. ನಿವೃತ್ತಿಯಾದ ಮೇಲೆ, 2024ರಲ್ಲಿ, ಉರುಗ್ವೆ ಓಪನ್‌ನಲ್ಲಿ ಡಬಲ್ಸ್ ಕೂಡ ಆಡಿದ.

ಒಂದೇ ಪಂದ್ಯ ನೋಡೋದಾದರೆ ಜರ್ಮನಿ ವಿರುದ್ಧದ ಮೂರನೇ ಸ್ಥಾನದ ಪಂದ್ಯ ನೋಡಿ. ಉರುಗ್ವೆ 2–3ರಿಂದ ಹಿಂದಿದೆ, ಕೊನೇ ಕ್ಷಣ, ಫ್ರೀ ಕಿಕ್‌ಗೆ ಫೊರ್ಲಾನ್ ನಿಂತಿದ್ದಾನೆ. ಗೋಡೆ ದಾಟಿ ಹೋದ ಚೆಂಡು ಅಡ್ಡಪಟ್ಟಿಗೆ ಬಡಿಯುತ್ತೆ. ಆ ಸದ್ದು ನನಗೆ ಇನ್ನೂ ಕೇಳಿಸುತ್ತೆ.