ಮರಳಿ ಬಂದ ಕ್ಯಾನ್ಸರ್, ಮತ್ತೆ ಕೀಮೋ: ಮನೆಯವರು ಹೇಗೆ ಜೊತೆ ನಿಲ್ಲಬೇಕು?

ವಿಜಯನಗರದ ಮಗಳು:

ನನ್ನ ತಾಯಿಗೆ ಅಂಡಾಶಯದ ಕ್ಯಾನ್ಸರ್ ಆಗಿ, ಶಸ್ತ್ರಚಿಕಿತ್ಸೆ ಮತ್ತು ಕೀಮೋ ಮುಗಿದು ಒಂದು ವರ್ಷ ದಾಟಿತ್ತು. ಈಚೆಗೆ ರಕ್ತಪರೀಕ್ಷೆಯಲ್ಲಿ ಈ ಕ್ಯಾನ್ಸರ್‌ನ ಸುಳಿವು ಕೊಡುವ ಸಿಎ-125 ಏರುತ್ತ ಬಂದು, ಸ್ಕ್ಯಾನಿಂಗ್ ಮಾಡಿಸಿದಾಗ ಹೊಟ್ಟೆಯಲ್ಲಿ ಮತ್ತೆ ಗಂಟುಗಳು ಕಂಡವು. ಈ ಬಾರಿ ಕಾರ್ಬೋಪ್ಲಾಟಿನ್ ಜೊತೆಗೆ ಲೈಪೋಸೋಮಲ್ ಡಾಕ್ಸೋರುಬಿಸಿನ್ ಎಂಬ ಕೀಮೋ ಔಷಧವನ್ನು ನಾಲ್ಕು ವಾರಗಳಿಗೊಮ್ಮೆ ಕೊಡುವುದಾಗಿ ವೈದ್ಯರು ತಿಳಿಸಿದ್ದಾರೆ. ಅಣ್ಣ ಅತ್ತಿಗೆ ಬೆಂಗಳೂರಿನ ಇನ್ನೊಂದು ತುದಿಯ ವೈಟ್‌ಫೀಲ್ಡ್‌ನಲ್ಲಿದ್ದಾರೆ. ಅಪ್ಪ ನಿವೃತ್ತರು, ಕಾಫಿ ಬೆರೆಸುವುದರ ಆಚೆ ಅವರಿಗೆ ಅಡುಗೆಮನೆಯ ಪರಿಚಯವಿಲ್ಲ. ಅಮ್ಮ ಮಾತ್ರ "ಮತ್ತೆ ನಿಮಗೆಲ್ಲ ತೊಂದರೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಎರಡನೆಯ ಬಾರಿ ಇದನ್ನು ಎದುರಿಸಿದವರು ಮನೆಯಲ್ಲಿ ಕೆಲಸ ಹೇಗೆ ಹಂಚಿಕೊಂಡಿರಿ, ರೋಗಿಗೆ ಎಷ್ಟು ವಿಷಯ ತಿಳಿಸಿದಿರಿ ಎಂಬುದನ್ನು ದಯವಿಟ್ಟು ಹೇಳುವಿರಾ?

ಬಸವನಗುಡಿ ಕಟ್ಟೆ:

ನನ್ನ ಪತ್ನಿಗೂ ಇದೇ ಜೋಡಿ ಔಷಧಗಳನ್ನು ಕೊಟ್ಟಿದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲ ಚಿಕಿತ್ಸೆ ಮುಗಿದು ಆರು ತಿಂಗಳಿಗಿಂತ ಹೆಚ್ಚು ಕಾಲವಾದ ಮೇಲೆ ರೋಗ ಮರಳಿದ್ದರೆ, ಅದು ಕಾರ್ಬೋಪ್ಲಾಟಿನ್‌ಗೆ ಮತ್ತೆ ಬಗ್ಗುವ ಸಾಧ್ಯತೆ ಸಾಕಷ್ಟಿರುತ್ತದೆ. ಹಳೆಯ ಔಷಧವನ್ನೇ ಏಕೆ ಕೊಡುತ್ತಿದ್ದಾರೆ ಎಂದು ನೆಂಟರು ಕೇಳಿದರೆ ಇಷ್ಟು ಹೇಳಿದರೆ ಸಾಕು. ಆದರೆ ಅದೇ ಔಷಧವನ್ನು ಎರಡನೆಯ ಸುತ್ತಿನಲ್ಲಿ ಪಡೆಯುವಾಗ ಅಲರ್ಜಿಯಾಗುವುದು ಮೊದಲ ಸುತ್ತಿಗಿಂತ ಹೆಚ್ಚು. ಡ್ರಿಪ್ ಹೋಗುತ್ತಿರುವಾಗ ಅಂಗೈ ತುರಿಸಿದರೆ, ಮುಖ ಕೆಂಪಾದರೆ, ಎದೆ ಬಿಗಿದಂತಾದರೆ "ಪರವಾಗಿಲ್ಲ, ತಡೆದುಕೊಳ್ಳುತ್ತೇನೆ" ಎನ್ನದೆ ಕೂಡಲೇ ನರ್ಸ್‌ಗೆ ಹೇಳಬೇಕೆಂದು ನಿಮ್ಮ ತಾಯಿಗೆ ಮೊದಲೇ ತಿಳಿಸಿ. ಪಕ್ಕದಲ್ಲಿ ಕೂರುವವರೂ ಮೊಬೈಲ್ ಬಿಟ್ಟು ಅವರ ಮುಖ ನೋಡುತ್ತಿರಲಿ.

ಇನ್ನೊಂದು ಔಷಧದ ಕಾಟ ಅಂಗೈ ಅಂಗಾಲುಗಳಲ್ಲಿ. ಚರ್ಮ ಕೆಂಪಾಗಿ, ಉರಿದು, ಕೆಲವರಿಗೆ ಸುಲಿಯುತ್ತದೆ. ನನ್ನ ಪತ್ನಿ ಬಿಸಿನೀರಿನಲ್ಲಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, ಬಿಗಿಯಾದ ಬಳೆಗಳನ್ನು ತೆಗೆದಿಟ್ಟು, ಮೆತ್ತನೆಯ ಚಪ್ಪಲಿಯನ್ನು ಮನೆಯೊಳಗೂ ಹಾಕಿಕೊಳ್ಳುತ್ತಿದ್ದಳು. ಮೂತ್ರ ಒಂದೆರಡು ದಿನ ಕೆಂಪಾಗಬಹುದು; ಅದು ಔಷಧದ ಬಣ್ಣವೆಂದು ಗೊತ್ತಿಲ್ಲದಿದ್ದರೆ ಮನೆಯವರೆಲ್ಲ ಗಾಬರಿಯಾಗುತ್ತೀರಿ. ಕೂದಲು ಮಾತ್ರ ಮೊದಲ ಸಲದಷ್ಟು ಉದುರುವುದಿಲ್ಲ, ಈ ಮಾತು ಅವರಿಗೆ ಸಮಾಧಾನ ತರಬಹುದು.

ಕೆಲಸ ಹಂಚುವಾಗ "ಎಲ್ಲರೂ ಎಲ್ಲವನ್ನೂ ನೋಡಿಕೊಳ್ಳೋಣ" ಎಂಬ ಒಪ್ಪಂದ ಬೇಡ. ಹಾಗೆಂದರೆ ಕೊನೆಗೆ ಎಲ್ಲವೂ ಮಗಳ ತಲೆಗೇ ಬರುತ್ತದೆ. ರಿಪೋರ್ಟ್‌ಗಳ ಫೈಲು, ರಕ್ತಪರೀಕ್ಷೆಯ ದಿನಾಂಕ, ವಿಮೆಯ ಪತ್ರವ್ಯವಹಾರ ನಿಮ್ಮ ಅಣ್ಣನ ಪಾಲಿಗಿರಲಿ, ದೂರವಿದ್ದೇ ಮಾಡಬಹುದಾದ ಕೆಲಸವದು. ನಿಮ್ಮ ತಂದೆಯವರಿಗೆ ಥರ್ಮಾಮೀಟರ್ ಒಪ್ಪಿಸಿ. ಕೀಮೋ ಆದ ಮುಂದಿನ ವಾರಗಳಲ್ಲಿ ಬಿಳಿ ರಕ್ತಕಣಗಳು ತೀರ ಇಳಿಯುವುದರಿಂದ, ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ, ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸದೆ, ಆಸ್ಪತ್ರೆಗೆ ಹೊರಡಬೇಕು. ಆ ರಾತ್ರಿ ಯಾವ ಆಸ್ಪತ್ರೆಯ ತುರ್ತು ವಿಭಾಗ, ಯಾರ ಕಾರು ಎಂಬುದು ಮೊದಲೇ ತೀರ್ಮಾನವಾಗಿರಲಿ. ವೈಟ್‌ಫೀಲ್ಡ್‌ನಿಂದ ಅಣ್ಣ ಬರಲಿ ಎಂದು ಕಾಯುವ ಊರಲ್ಲ ಇದು. ನೋಡಲು ಬರುವವರನ್ನು ಆ ದಿನಗಳಲ್ಲಿ ಖಡಾಖಂಡಿತವಾಗಿ ತಡೆಯಿರಿ.

ಮಲ್ಲಿಗೆ ದಂಡೆ:

ನಾನು ಇದೇ ಕಾಯಿಲೆಗೆ ಎರಡು ಬಾರಿ ಚಿಕಿತ್ಸೆ ಪಡೆದವಳು, ಆದ್ದರಿಂದ ಹಾಸಿಗೆಯ ಕಡೆಯಿಂದ ಹೇಳುತ್ತೇನೆ. ಮೇಲಿನವರು ಹೇಳಿದ ಎಚ್ಚರಿಕೆಗಳೆಲ್ಲ ಸರಿ, ಆದರೆ ಬರುವವರನ್ನು ತಡೆಯುವುದರಲ್ಲಿ ನನ್ನದೊಂದು ತಕರಾರಿದೆ. ಕೆಮ್ಮು ನೆಗಡಿ ಇದ್ದವರು ಬರುವುದು ಬೇಡ, ನಿಜ. ಉಳಿದವರಲ್ಲಿ ಯಾರು ಬರಬೇಕು ಎಂಬುದನ್ನು ನಿಮ್ಮ ತಾಯಿಯೇ ಹೇಳಲಿ. ಮೊದಲ ಬಾರಿ ನನ್ನ ಮನೆಯವರು ಪ್ರೀತಿಯಿಂದಲೇ ನನ್ನ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡರು. ಸೊಪ್ಪು ಬಿಡಿಸಲು ಕುಳಿತರೆ ಸೊಸೆ ಮೊರವನ್ನೇ ಎತ್ತಿಕೊಂಡು ಹೋಗುತ್ತಿದ್ದಳು. ಎರಡನೆಯ ಬಾರಿ ನಾನು ಸ್ಪಷ್ಟವಾಗಿ ಹೇಳಿದೆ: ಆಯಾಸವಾದ ದಿನ ನಾನೇ ಮಲಗುತ್ತೇನೆ, ಉಳಿದ ದಿನ ಮೊರ ನನ್ನದು.

"ನಿಮಗೆಲ್ಲ ತೊಂದರೆ" ಎಂಬ ಮಾತಿಗೆ "ತೊಂದರೆ ಏನಿಲ್ಲಮ್ಮ" ಎಂದು ಉತ್ತರಿಸಿದರೆ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ತೊಂದರೆ ಇರುವುದು ಅವರಿಗೂ ಕಾಣುತ್ತದೆ. "ಹೌದು, ಕಷ್ಟ ಇದೆ, ನಾವು ಹೀಗೆ ಹೀಗೆ ಹಂಚಿಕೊಂಡಿದ್ದೇವೆ, ನಿನಗೆ ಯಾವುದು ಹೆಚ್ಚು ಭಯ?" ಎಂದು ಕೇಳಿ ನೋಡಿ. ನನ್ನ ಭಯ ಸಾವಿನದಾಗಿರಲಿಲ್ಲ, ವಾಂತಿಯದಾಗಿತ್ತು. ವೈದ್ಯರಿಗೆ ಹೇಳಿದ ಮೇಲೆ ಮಾತ್ರೆ ಬದಲಾಯಿಸಿದರು. ಅಂದಹಾಗೆ, ವಾಂತಿಗೆ ಕೊಡುವ ಆಂಡಾನ್ಸೆಟ್ರಾನ್ ಮಲಬದ್ಧತೆ ಮಾಡುತ್ತದೆ. ನಾಚಿಕೆಯಿಂದ ಅದನ್ನು ನಾವು ಮುಚ್ಚಿಡುತ್ತೇವೆ, ನೀವೇ ಕೇಳಿ.

ಎಷ್ಟು ಹೇಳಬೇಕು ಎಂಬುದಕ್ಕೆ ನನ್ನ ಅಭಿಪ್ರಾಯ ನೇರವಾದದ್ದು. ಮರಳಿ ಬಂದ ಈ ಕಾಯಿಲೆಯಲ್ಲಿ ವೈದ್ಯರ ಗುರಿ ಸಾಮಾನ್ಯವಾಗಿ ಅದನ್ನು ಸಾಧ್ಯವಾದಷ್ಟು ಕಾಲ ಹತೋಟಿಯಲ್ಲಿಡುವುದು. ಇದನ್ನು ಮಕ್ಕಳು ಕೋಣೆಯ ಹೊರಗೆ ಕೇಳಿಸಿಕೊಂಡು, ಒಳಗೆ ಬಂದು ನಗುವುದು ನಮಗೆ ತಿಳಿಯದೇ ಇರುವುದಿಲ್ಲ. ಎಷ್ಟು ತಿಳಿಯಬೇಕೆಂದು ವೈದ್ಯರು ಅವರನ್ನೇ ಕೇಳಲಿ. ನೋವು ಶಮನ (ಪ್ಯಾಲಿಯೇಟಿವ್ ಕೇರ್) ವಿಭಾಗದ ಹೆಸರು ಕೇಳಿ ಹೆದರಬೇಡಿ. ಕೀಮೋ ನಡೆಯುತ್ತಿರುವಾಗಲೇ ಅಲ್ಲಿಗೆ ಹೋಗಬಹುದು.

ಕಾಗದಪತ್ರ:

ಎರಡು ವಿಷಯ ಸೇರಿಸುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದವರೆಗೆ. ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಯಲ್ಲಿ ಈ ಯೋಜನೆ ನಡೆಯುತ್ತದೆ. ಎರಡನೆಯದು, ತಾಯಿಗೆ ವಂಶವಾಹಿಯ ದೋಷ ನೋಡುವ ಬಿಆರ್‌ಸಿಎ ಪರೀಕ್ಷೆ ಆಗಿದೆಯೇ ಎಂದು ವಿಚಾರಿಸಿ. ದೋಷ ಕಂಡುಬಂದರೆ ಕೀಮೋ ನಂತರ ಒಲಾಪರಿಬ್‌ನಂಥ ಮಾತ್ರೆಯ ದಾರಿ ತೆರೆಯಬಹುದು, ನೀವೂ ನಿಮ್ಮ ಅಣ್ಣನೂ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ವಿಜಯನಗರದ ಮಗಳು:

ಎಲ್ಲರಿಗೂ ಕೃತಜ್ಞತೆಗಳು. ಬಿಆರ್‌ಸಿಎ ವಿಷಯ ನಮಗೆ ಯಾರೂ ಹೇಳಿರಲಿಲ್ಲ, ಮುಂದಿನ ಭೇಟಿಯಲ್ಲಿ ಕೇಳುತ್ತೇನೆ. ಥರ್ಮಾಮೀಟರ್ ಜವಾಬ್ದಾರಿಯನ್ನು ಅಪ್ಪ ಒಪ್ಪಿಕೊಂಡು, ಈಗಾಗಲೇ ಪುಸ್ತಕವೊಂದಕ್ಕೆ ಗೆರೆ ಹಾಕಿ ಕುಳಿತಿದ್ದಾರೆ. ಮಲ್ಲಿಗೆ ದಂಡೆಯವರೇ, ನೀವು ಹೇಳಿದಂತೆ ಅಮ್ಮನನ್ನು ಕೇಳಿದೆ. ಅವರಿಗೆ ಭಯವಿರುವುದು ಕೈಯಲ್ಲಿ ನರ ಸಿಗದೆ ಪದೇ ಪದೇ ಚುಚ್ಚುತ್ತಾರೆಂಬುದಕ್ಕೆ. ಪ್ರತಿ ಬಾರಿ ಕೈ ನರ ಹುಡುಕದೆ ಔಷಧ ಕೊಡಲು ಚರ್ಮದಡಿ ಕೂರಿಸುವ ಕೀಮೋ ಪೋರ್ಟ್ ಹಾಕಿಸಿಕೊಂಡವರು ಇಲ್ಲಿ ಯಾರಾದರೂ ಇದ್ದೀರಾ?