ಮೊದಲು ಸ್ಕೋಪ್ ತಗೊಳ್ಳಲೇ, ಬೇರೇನಾದರೂ ತಗೊಳ್ಳಲೇ?

ಪ್ರಶ್ನೆ (ಬೈತಖೋಲ್, ಕಾರವಾರ):
ಹಿಂದಿನ ಕೋಣೆಯಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಮೇಜು ಹಾಕಿಕೊಂಡಿದ್ದೇನೆ. ಸೋಲ್ಡರಿಂಗ್ ಐರನ್, ಬ್ರೆಡ್‌ಬೋರ್ಡ್, ಆರ್ಡುಯಿನೊ (ಪ್ರೋಗ್ರಾಂ ಮಾಡುವ ಸಣ್ಣ ಬೋರ್ಡ್) ಇವೆ. ಅಳೆಯೋದಕ್ಕೆ ಏನೂ ಇಲ್ಲ. ಕೈಯಲ್ಲಿ ಹತ್ತು ಸಾವಿರ ಇದೆ. ಸೀದಾ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಅಲೆಯಾಗಿ ತೋರಿಸುವ ಸಾಧನ) ತಗೊಂಡುಬಿಡಲೇ? ಎಲ್‌ಇಡಿ ಡ್ರೈವರ್, ಬ್ಯಾಟರಿ ಚಾರ್ಜರ್ ಮಾಡುವ ಆಸೆ. ಕಿಟಕಿ ತೆಗೆದರೆ ಕಡಲ ಗಾಳಿ ಒಳಗೇ ಬರುತ್ತದೆ, ಅದೂ ಒಂದು ಚಿಂತೆ.

ಉತ್ತರ (ಕುಮಟಾ):
ಸ್ಕೋಪ್ ಈಗಲೇ ಬೇಡ. ಮೊದಲು ಒಳ್ಳೆಯ ಮಲ್ಟಿಮೀಟರ್, ಆಮೇಲೆ ಕರೆಂಟ್ ಲಿಮಿಟ್ (ಇಟ್ಟ ಮಿತಿಗಿಂತ ಹೆಚ್ಚು ಕರೆಂಟ್ ಹರಿಯದಂತೆ ತಡೆಯುವ ವ್ಯವಸ್ಥೆ) ಇರುವ ಬೆಂಚ್ ಪವರ್ ಸಪ್ಲೈ. 30 ವೋಲ್ಟ್, 5 ಆಂಪಿಯರಿನದು ಧಾರಾಳ ಸಾಕು. ಹೊಸ ಸರ್ಕ್ಯೂಟ್‌ಗೆ ಮೊದಲ ಸಲ ಪವರ್ ಕೊಡುವಾಗ ಲಿಮಿಟ್ಟನ್ನು 50 ಮಿಲಿಆಂಪಿಯರ್‌ಗೆ ಇಳಿಸಿಡಿ. ಎಲ್ಲಾದರೂ ಶಾರ್ಟ್ ಇದ್ದರೆ ಸಿಸಿ ದೀಪ (ಕರೆಂಟ್ ಲಿಮಿಟ್ ಮುಟ್ಟಿದೆ ಅನ್ನುವ ಸೂಚನೆ) ಹತ್ತುತ್ತದೆ, ವೋಲ್ಟೇಜ್ ಕುಸಿಯುತ್ತದೆ. ಹೆಚ್ಚಿನ ಸಲ ಐಸಿ ಬದುಕಿಕೊಳ್ಳುತ್ತದೆ.

ಮೀಟರ್ ಕೊಳ್ಳುವಾಗ ಬರೀ ಡಿಸ್‌ಪ್ಲೇ ನೋಡಬೇಡಿ. ಪ್ರೋಬ್ ಸಿಗಿಸುವ ತೂತಿನ ಪಕ್ಕ ಕ್ಯಾಟ್ 3 (CAT III), 600 ವೋಲ್ಟ್ ಅಂತ ಬರೆದಿದೆಯಾ ನೋಡಿ, ಅದು ಕಟ್ಟಡದ ವೈರಿಂಗ್ ಅಳೆಯುವಾಗಿನ ಸುರಕ್ಷತೆಯ ದರ್ಜೆ. ಆದರೆ ಅಷ್ಟೇ ಸಾಲದು, ಹಿಂದಿನ ಮುಚ್ಚಳ ಬಿಚ್ಚಿಸಿ ಫ್ಯೂಸನ್ನೂ ನೋಡಿ. ಗಾಜಿನದಲ್ಲ, ಮರಳು ತುಂಬಿದ ಸೆರಾಮಿಕ್ ಫ್ಯೂಸ್ ಇರಬೇಕು. ಕೆಂಪು ಪ್ರೋಬ್ ಆಂಪಿಯರ್ ತೂತಿನಲ್ಲೇ ಮರೆತುಹೋಗಿ 230 ವೋಲ್ಟ್ ಮುಟ್ಟಿದರೆ ಮೀಟರೇ ಶಾರ್ಟ್ ಮಾಡಿದ ಹಾಗೆ. ಆಗ ಕೈ ಕಾಯುವುದು ಆ ಫ್ಯೂಸ್. ಇಲ್ಲಿ ಮಾತ್ರ ದುಡ್ಡು ಉಳಿಸಬೇಡಿ, ದಯವಿಟ್ಟು.

ಉಪ್ಪುಗಾಳಿಗೆ ಪ್ರೋಬ್ ತುದಿ, ಬನಾನಾ ಪ್ಲಗ್ ಹಸಿರುಗಟ್ಟುತ್ತವೆ. ಎರಡೂ ಪ್ರೋಬ್ ಮುಟ್ಟಿಸಿದಾಗ 0.2 ಓಮ್ ತೋರಿಸುತ್ತಿದ್ದದ್ದು 2–3 ಓಮ್ ನಡುವೆ ಕುಣಿಯತೊಡಗಿದರೆ ಮೊದಲು ಅದನ್ನೇ ನೋಡಿ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೋಗದಿದ್ದರೆ ಪ್ರೋಬ್ ಬದಲಿಸಿ. ಮಳೆಗಾಲದಲ್ಲಿ ಮೀಟರ್ ಗಾಳಿಯಾಡದ ಡಬ್ಬಿಯಲ್ಲಿರಲಿ, ಜೊತೆಗೆ ಸಿಲಿಕಾ ಜೆಲ್.

ಉತ್ತರ (ಶಿರಸಿ):
ಮೇಲಿನ ಮಾತು ಸರಿ. ಆದರೆ ಆರ್ಡುಯಿನೊ ಇದೆ ಅಂದಿರಲ್ಲ, ಅಲ್ಲಿ ಮೀಟರ್ ಒಂದೇ ಸಾಲದು. ಪಿಡಬ್ಲ್ಯುಎಂ (ಪಿನ್ನನ್ನು ವೇಗವಾಗಿ ಆನ್-ಆಫ್ ಮಾಡುವ ವಿಧಾನ) ಅರ್ಧಕ್ಕಿಟ್ಟರೆ ಮೀಟರ್ ಸುಮ್ನೆ 2.5 ವೋಲ್ಟ್ ಅನ್ನುತ್ತದೆ. ಪಿನ್ ನಿಜಕ್ಕೂ 0 ಮತ್ತು 5ರ ನಡುವೆ ಹಾರುತ್ತಿರುತ್ತದೆ. ಇದನ್ನು ನೋಡೋದಕ್ಕೆ 8 ಚಾನೆಲ್‌ನ ಸಣ್ಣ ಯುಎಸ್‌ಬಿ ಲಾಜಿಕ್ ಅನಲೈಸರ್ (ಪಿನ್ ಯಾವಾಗ ಆನ್, ಯಾವಾಗ ಆಫ್ ಅಂತ ಕಂಪ್ಯೂಟರಿನಲ್ಲಿ ತೋರಿಸುವ ಸಾಧನ) ಸಾಕು, ಬೆಲೆಯೂ ಜಾಸ್ತಿ ಇಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಮೀಟರ್, ಸಪ್ಲೈ ಈಗಲೇ ತಗೊಳ್ತೇನೆ. ಮುಂದೆ ಸ್ಕೋಪ್ ಬಂದಾಗ ಹಳೇ ಮೊಬೈಲ್ ಚಾರ್ಜರ್ ಬಿಚ್ಚಿ ಒಳಗಿನ ಅಲೆ ನೋಡಬಹುದು ಅಲ್ವಾ?

ಉತ್ತರ (ಕುಮಟಾ):
230 ವೋಲ್ಟಿನ ಕಡೆ ಖಂಡಿತ ಬೇಡ. ಪ್ಲಗ್ಗಿಗೆ ಹಾಕುವ ಸ್ಕೋಪಿನ ಗ್ರೌಂಡ್ ಕ್ಲಿಪ್ ಸೀದಾ ಅರ್ತ್‌ಗೆ ಸೇರಿರುತ್ತದೆ. ಅಲ್ಲಿ ಕಚ್ಚಿಸಿದರೆ ದೊಡ್ಡ ಶಾರ್ಟ್. ಸ್ಕೋಪಿನ ಅರ್ತ್ ಪಿನ್ ತೆಗೆದು ನೋಡಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ, ಆಗ ಸ್ಕೋಪಿನ ಮೈಗೇ ಕರೆಂಟ್ ಬರುತ್ತದೆ. ಡಿಫರೆನ್ಷಿಯಲ್ ಪ್ರೋಬ್ (ಅರ್ತ್‌ಗೆ ಸೇರಿಸದೆ ಎರಡು ಬಿಂದುಗಳ ನಡುವಿನ ವೋಲ್ಟೇಜ್ ಅಳೆಯುವ ಪ್ರೋಬ್) ಕೊಳ್ಳುವ ತನಕ ಚಾರ್ಜರಿನ 5 ವೋಲ್ಟ್ ಔಟ್‌ಪುಟ್ ಕಡೆಯಷ್ಟೇ ನೋಡಿ.