ಸೋಲ್‌ಶೇರ್ ಕೋಚ್ ಆಗಿ ಹೇಗೆ? ನಿಜ ಹೇಳಿ

ಆಸ್ಟಿನ್‌ಟೌನ್ ಹುಡುಗ:
1999ರ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್, ನಮ್ಮ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಜರ್ಮನಿಯ ಬಾಯರ್ನ್ ಮ್ಯೂನಿಕ್. ನನಗೆ ಬೇಸಿಗೆ ರಜೆ. ನಮ್ಮಲ್ಲಿ ರಾತ್ರಿ ಎರಡು ಗಂಟೆ ದಾಟಿತ್ತು, ಬಾಯರ್ನ್ 1-0 ಮುಂದೆ. "ಸೋತರು ಬಿಡು, ಮಲಕ್ಕೋ" ಅಂತ ಅಪ್ಪ ಟೀವಿ ಆರಿಸಿಬಿಟ್ಟರು. ಬೆಳಿಗ್ಗೆ ಹಾಲು ತರಲು ಹೋದಾಗ ಪಕ್ಕದ ಮನೆ ಅಣ್ಣ ಹೇಳಿದ್ದು: ಇಂಜುರಿ ಟೈಮಲ್ಲಿ ಎರಡು ಗೋಲು! ಮೊದಲು ಶೆರಿಂಗಮ್, ಆಮೇಲೆ ಸಬ್ (ಬದಲಿ ಆಟಗಾರ) ಆಗಿ ಬಂದ ನಾರ್ವೆಯ ಸೋಲ್‌ಶೇರ್. ಅವತ್ತಿನಿಂದ ಅವನ ಅಭಿಮಾನಿ. ಆದರೆ ಕೋಚ್ ಆಗಿ? ಗೆಳೆಯರೆಲ್ಲ "ಸುಮ್ನೆ ನಗ್ತಾ ನಿಂತಿರ್ತಾನೆ ಅಷ್ಟೇ" ಅಂತಾರೆ.

ಬೆಂಚ್ ನಂಬರ್ 20:
ಮೋಲ್ಡೆ ಕಥೆ ಅವರಿಗೆ ಹೇಳು ಗುರು. 1911ರಲ್ಲಿ ಹುಟ್ಟಿದ ಕ್ಲಬ್, ನೂರು ವರ್ಷ ನಾರ್ವೆ ಲೀಗ್ ಗೆದ್ದಿರಲಿಲ್ಲ. ಇವನು ಕೋಚ್ ಆದ ಮೊದಲ ವರ್ಷ, 2011ರಲ್ಲೇ ಗೆದ್ದರು. 2012ರಲ್ಲಿ ಮತ್ತೆ. ಆಟಗಾರನಾಗಿದ್ದಾಗ ಬೆಂಚಲ್ಲಿ ಕೂತು ಎದುರಾಳಿ ಡಿಫೆಂಡರ್‌ಗಳ ತಪ್ಪುಗಳನ್ನು ಲೆಕ್ಕ ಹಾಕುತ್ತಿದ್ದವನು ಅವನು. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೇಲೆ ಕೊನೆಯಲ್ಲಿ ಇಳಿದು ನಾಲ್ಕು ಗೋಲು ಹೊಡೆದದ್ದು ನೆನಪಿದೆ ಅಲ್ವಾ? ಸ್ಕೋರು 8-1.

ಗೋಲ್‌ಕೀಪರ್ ಗುಂಡ:
ಮೋಲ್ಡೆ ಸರಿ ಸಾರ್, ಪ್ರೀಮಿಯರ್ ಲೀಗ್‌ನಲ್ಲಿದ್ದ ಕಾರ್ಡಿಫ್? 2014ರ ಜನವರಿಯಲ್ಲಿ ಸೇರಿದ, ಮೇ ಹೊತ್ತಿಗೆ ತಂಡ ಕೆಳಗಿನ ಡಿವಿಷನ್‌ಗೆ. ಯುನೈಟೆಡ್ ಕೋಚ್ ಆಗಿ 2021ರಲ್ಲಿ ಲೀಗ್‌ನಲ್ಲಿ ಎರಡನೇ ಸ್ಥಾನ ತಂದ, ಒಪ್ಪಿದೆ. ಕಪ್ ಮಾತ್ರ ಒಂದೂ ಇಲ್ಲ. ಆಮೇಲೆ ತವರಿನಲ್ಲೇ ಲಿವರ್‌ಪೂಲ್ ಎದುರು 5-0 ಸೋಲು, ವಾಟ್‌ಫರ್ಡ್‌ನಲ್ಲಿ 4-1 ಸೋಲು, ಅದರ ಮಾರನೇ ದಿನ ಕೆಲಸ ಹೋಯಿತು.
ನನ್ನ ಹೊಟ್ಟೆ ಉರಿಸಿದ್ದು 2021ರ ಯೂರೋಪಾ ಲೀಗ್ ಫೈನಲ್, ಸ್ಪೇನ್‌ನ ವಿಯ್ಯಾರಿಯಲ್ ಎದುರು. ವಿಯ್ಯಾರಿಯಲ್ ಕೋಚ್ ಎಮರಿ ಒಬ್ಬರ ಹಿಂದೆ ಒಬ್ಬರನ್ನು ಬದಲಾಯಿಸುತ್ತಿದ್ದರೆ, ಇವನು ಎಕ್ಸ್‌ಟ್ರಾ ಟೈಮ್ ಬರುವವರೆಗೂ ಒಬ್ಬ ಸಬ್ಬನ್ನೂ ಇಳಿಸಲಿಲ್ಲ. ಸಬ್ ಆಗಿ ಚಾಂಪಿಯನ್ಸ್ ಲೀಗ್ ಗೆಲ್ಲಿಸಿದ ಮನುಷ್ಯ ರೀ!

ಆಸ್ಟಿನ್‌ಟೌನ್ ಹುಡುಗ:
ಅಯ್ಯೋ, ಅದನ್ನೇ ಹೇಳಬೇಕಿತ್ತಾ. ಬೆಂಚಲ್ಲಿ ಕೂತವನ ಕಣ್ಣು ಅವನಿಗೆ ಇತ್ತು, ಗೆರೆ ಪಕ್ಕ ನಿಂತ ಮೇಲೆ ಆ ಬೆಂಚನ್ನೇ ಮರೆತ. 2025ರಲ್ಲಿ ಟರ್ಕಿಯ ಬೆಸಿಕ್ತಾಸ್ ಕ್ಲಬ್‌ನಲ್ಲೂ ಆಗಸ್ಟ್‌ವರೆಗೆ ಅಷ್ಟೇ ಬಾಳಿದ. ಮೋಲ್ಡೆ ಮಾತು ಮಾತ್ರ ಗೆಳೆಯರಿಗೆ ಖಂಡಿತ ಹೇಳ್ತೀನಿ.
ಆ ಯೂರೋಪಾ ಫೈನಲ್ ಪೆನಾಲ್ಟಿ ಹೊತ್ತಿಗೆ ಬೆಳಗಿನ ಜಾವ ಮೂರಾಗಿತ್ತು. ಅಪ್ಪನೂ ಪಕ್ಕದಲ್ಲೇ ಕೂತಿದ್ದರು. 10-10 ಆಯಿತು, 11-10 ಆಯಿತು, ಕೊನೆಗೆ ನಮ್ಮ ಗೋಲಿ ಡೆ ಹೆಯಾ ಒದ್ದ ಚೆಂಡು ಅವರ ಗೋಲಿ ಕೈಗೆ. ಈ ಸಲ ಅಪ್ಪ ಟೀವಿ ಆರಿಸಲಿಲ್ಲ. ಆರಿಸಿದ್ದರೇ ಚೆನ್ನಾಗಿತ್ತು.